ಟಕ್... ಗುಂಯ್... ಟಕ್: ರಾತ್ರಿಯಿಡೀ ಎಬ್ಬಿಸುವ ಫ್ರಿಜ್ಜಿಗೆ ನಿಜವಾಗಿ ಏನಾಗಿದೆ?

ಪ್ರಶ್ನೆ: ಸರ್, ನಮ್ಮ ಫ್ರಿಜ್ಜಿಗೆ ಒಂಬತ್ತು ವರ್ಷ. ಎರಡು ಬಾಗಿಲಿನ ಫ್ರಾಸ್ಟ್-ಫ್ರೀ. ಇಷ್ಟು ದಿನ ಮನೆಯಲ್ಲಿ ಇದೆ ಅನ್ನುವುದೇ ಮರೆತುಹೋಗುವಷ್ಟು ಸುಮ್ಮನಿತ್ತು. ತಿಂಗಳ ಹಿಂದೆ ಅಡುಗೆಮನೆಗೆ ಬಣ್ಣ ಹೊಡೆಸಿದೆವು. ಓಡಾಡಲು ಜಾಗವಾಗಲಿ ಅಂತ ಆಮೇಲೆ ಫ್ರಿಜ್ಜನ್ನು ಮೂಲೆಗೆ ತಳ್ಳಿದೆವು. ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದ್ದೇವೆ. ಅವತ್ತಿನಿಂದ ಹೆಚ್ಚುಕಮ್ಮಿ ಪ್ರತಿದಿನ ರಾತ್ರಿ ಹನ್ನೊಂದು ದಾಟಿದ ಮೇಲೆ ‘ಟಕ್’ ಅನ್ನುತ್ತೆ, ಹತ್ತು ಸೆಕೆಂಡ್ ‘ಗುಂಯ್’ ಅನ್ನುತ್ತೆ, ಮತ್ತೆ ‘ಟಕ್’. ಸುಮ್ಮನಾಗುತ್ತೆ. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಮತ್ತೆ ಅದೇ. ಕೆಲವು ಸಲ ನಡುರಾತ್ರಿ ಮೂಳೆ ಮುರಿದ ಹಾಗೆ ‘ಚಟ್’ ಅಂತಲೂ ಕೇಳುತ್ತೆ. ನನ್ನ ತಲೆದಿಂಬು ಇರುವ ಗೋಡೆಯ ಆಚೆಗೇ ಅದು ನಿಂತಿದೆ. ತಡೆಯಲಾರದೆ ಹತ್ತು ದಿನದಿಂದ ಮಲಗುವಾಗ ಸ್ವಿಚ್ ಆರಿಸಿ ಬೆಳಗ್ಗೆ ಹಾಕುತ್ತಿದ್ದೇನೆ. ಅತ್ತೆಯವರ ಇನ್ಸುಲಿನ್ ಅದರಲ್ಲೇ ಇರುವುದು ಬೇರೆ. ಬಂದ ಮೆಕ್ಯಾನಿಕ್‌ಗಳಲ್ಲಿ ಒಬ್ಬರು ಗ್ಯಾಸ್ ಮುಗಿದಿದೆ ಅಂದರು, ಇನ್ನೊಬ್ಬರು ಕಂಪ್ರೆಸರ್ ಹೋಗಿದೆ ಅಂದರು. ಇಬ್ಬರೂ ಬಂದಾಗ ಅದು ಏನೂ ಆಗದ ಹಾಗೆ ಓಡುತ್ತಿತ್ತು! ಪಕ್ಕದ ಮನೆಯವರು ಸಿಡಿದುಬಿಡುತ್ತೆ ಅಂತ ಹೆದರಿಸಿದ್ದಾರೆ. ನಮ್ಮ ಯಜಮಾನರು ಪಕ್ಕದಲ್ಲೇ ಗೊರಕೆ ಹೊಡೆಯುತ್ತಾರೆ, ಬೆಳಗ್ಗೆ ಎದ್ದು ‘ನಿನಗೆ ಭ್ರಮೆ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಗಂಟು ಬಿದ್ದಿವೆ. ಫ್ರಿಜ್ಜಿಗೆ ಏನಾಗಿದೆ ಅನ್ನುವುದು ಒಂದು, ಅದರಿಂದ ಅಪಾಯ ಇದೆಯೇ ಅನ್ನುವುದು ಇನ್ನೊಂದು. ಮೂರನೆಯದು, ಮನೆಯಲ್ಲಿ ಯಾರೂ ನಂಬದಿದ್ದಾಗ ಹುಟ್ಟುವಂಥದ್ದು: ತಪ್ಪು ನನ್ನ ಕಿವಿಯದೇ ಇರಬಹುದೇ? ಈ ಕೊನೆಯದನ್ನು ಮೊದಲೇ ತೀರಿಸಿಬಿಡುತ್ತೇನೆ. ಭ್ರಮೆಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ಇರುವುದಿಲ್ಲ. ‘ಟಕ್, ಹತ್ತು ಸೆಕೆಂಡ್ ಗುಂಯ್, ಟಕ್, ಸುಮ್ಮನೆ’ ಅಂತ ನೀವು ಬರೆದ ಆ ಒಂದು ಸಾಲು, ಮೂವತ್ತು ವರ್ಷ ಫ್ರಿಜ್ಜುಗಳ ಬೆನ್ನಿನ ಕಡೆ ಕೂತು ಕಳೆದ ನನಗೆ, ಆ ಇಬ್ಬರು ಮೆಕ್ಯಾನಿಕ್‌ಗಳ ಮಾತಿಗಿಂತ ಹೆಚ್ಚು ಹೇಳಿತು.

ಸದ್ದಿನ ವಿಷಯದಲ್ಲಿ ಜನ ಸಾಮಾನ್ಯವಾಗಿ ಎಷ್ಟು ಜೋರು ಅನ್ನುವುದನ್ನು ನೋಡುತ್ತಾರೆ. ನಾನು ತಾಳ ಕೇಳುತ್ತೇನೆ. ಜೋರಾಗಿ ಗಡಗಡ ಅನ್ನುವ ಫ್ರಿಜ್ ಎಷ್ಟೋ ಸಲ ಕಾಲು ಮಟ್ಟವಿಲ್ಲದೆ ಅಲ್ಲಾಡುತ್ತಿರುತ್ತೆ, ಇಲ್ಲವೇ ಅದರ ತಲೆಯ ಮೇಲಿಟ್ಟ ಸ್ಟೀಲ್ ತಟ್ಟೆ ಕುಣಿಯುತ್ತಿರುತ್ತೆ. ಹೆದರಬೇಕಾದ್ದೇನಿಲ್ಲ. ಆದರೆ ಮೆಲ್ಲಗೆ, ನಿಯಮಿತವಾಗಿ, ಕೆಲವು ನಿಮಿಷಕ್ಕೊಮ್ಮೆ ‘ಟಕ್’ ಅನ್ನುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಅದರ ಅರ್ಥ ಇಷ್ಟು. ಫ್ರಿಜ್ಜಿನ ಹಿಂದೆ ಕೆಳಗಡೆ ಕಪ್ಪು ಮಡಕೆಯಂತೆ ಕೂತಿರುವುದೇ ಕಂಪ್ರೆಸರ್. ಅದರೊಳಗೆ ಮೋಟಾರಿದೆ, ಮೋಟಾರಿಗೆ ಎರಡು ಸುತ್ತು ತಂತಿ: ಒಂದು ಓಡಿಸಲು, ಇನ್ನೊಂದು ಎಬ್ಬಿಸಲು. ನಿಂತ ಮೋಟಾರು ಓಡಿಸುವ ಸುತ್ತಿನಿಂದ ಮಾತ್ರ ಏಳುವುದಿಲ್ಲ. ಯಾರಾದರೂ ಒಂದು ತಳ್ಳು ಕೊಡಬೇಕು. ಆ ತಳ್ಳು ಕೊಡುವುದು ಕಂಪ್ರೆಸರಿನ ಪಕ್ಕಕ್ಕೆ ಸಿಕ್ಕಿಸಿರುವ ರಿಲೇ. ಈಗಿನ ಮಾಮೂಲಿ ರಿಲೇಯೊಳಗೆ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಪಿಂಗಾಣಿ ಬಿಲ್ಲೆ ಇರುತ್ತೆ. ತಣ್ಣಗಿರುವಾಗ ಅದು ಕರೆಂಟನ್ನು ಎಬ್ಬಿಸುವ ಸುತ್ತಿಗೆ ಬಿಡುತ್ತೆ. ಕ್ಷಣದಲ್ಲಿ ತಾನೇ ಕಾದು ದಾರಿ ಮುಚ್ಚುತ್ತೆ. ಅಷ್ಟರಲ್ಲಿ ಮೋಟಾರು ಎದ್ದಿರುತ್ತೆ.

ಈ ಬಿಲ್ಲೆ ಬಿರುಕು ಬಿಟ್ಟರೆ, ಸವೆದರೆ, ಅಥವಾ ಬರುವ ಕರೆಂಟಿನಲ್ಲೇ ಬಲ ಇಲ್ಲದಿದ್ದರೆ ಮೋಟಾರು ಏಳುವುದಿಲ್ಲ, ನಿಂತಲ್ಲೇ ಗುಂಯ್‌ಗುಟ್ಟುತ್ತೆ. ಓಡುವಾಗ ಒಂದು ಆಂಪಿಯರ್ ಆಸುಪಾಸು ಎಳೆಯುವ ಮೋಟಾರು ಹೀಗೆ ಒದ್ದಾಡುವಾಗ ಅದರ ಐದಾರು ಪಟ್ಟು, ಕೆಲವು ಸಲ ಅದಕ್ಕಿಂತ ಹೆಚ್ಚು ಎಳೆಯುತ್ತೆ. ಹಾಗೇ ಬಿಟ್ಟರೆ ತಂತಿ ಸುಟ್ಟುಹೋಗುತ್ತೆ. ಅದಕ್ಕೇ ಪಕ್ಕದಲ್ಲಿ ಓವರ್‌ಲೋಡ್ ಅಂತ ಒಂದು ಕಾವಲುಗಾರ ಇದ್ದಾನೆ. ಅವನೊಳಗೆ ಎರಡು ಲೋಹ ಬೆಸೆದ ತಗಡಿನ ಬಿಲ್ಲೆ. ಕಾದಾಗ ಅದು ಸೆಟೆದು ಸಂಪರ್ಕ ಕಡಿಯುತ್ತೆ: ‘ಟಕ್’. ಎರಡು ಮೂರು ನಿಮಿಷ ತಣಿದ ಮೇಲೆ ಮತ್ತೆ ಮೊದಲಿನ ಆಕಾರಕ್ಕೆ ಬಂದು ಸಂಪರ್ಕ ಕೂಡಿಸುತ್ತೆ: ‘ಟಕ್’. ಮೋಟಾರು ಮತ್ತೆ ಪ್ರಯತ್ನಿಸುತ್ತೆ, ಮತ್ತೆ ಸೋಲುತ್ತೆ. ನೀವು ರಾತ್ರಿಯಿಡೀ ಗೋಡೆಗೆ ತಲೆಯಾನಿಸಿ ಕೇಳುತ್ತಿರುವುದು ಈ ಸೋಲನ್ನು.

ಹಾಗಾದರೆ ಮೆಕ್ಯಾನಿಕ್ ಬಂದಾಗ ಯಾಕೆ ಸರಿಯಾಗಿ ಓಡಿತು? ರಾತ್ರಿ ನೀವೇ ಆರಿಸಿದ್ದಿರಿ. ಬೆಳಗಿನ ಹೊತ್ತಿಗೆ ಕಂಪ್ರೆಸರ್ ತಣಿದಿತ್ತು, ರಿಲೇ ತಣಿದಿತ್ತು, ಕೊಳವೆಗಳೊಳಗಿನ ಒತ್ತಡ ಎರಡೂ ಕಡೆ ಸಮವಾಗಿತ್ತು. ಕಂಪ್ರೆಸರ್ ನಿಂತ ಮೇಲೆ ಈ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೂ ಮೊದಲೇ ಎಬ್ಬಿಸಿದರೆ, ಒಳಗಿನಿಂದ ಯಾರೋ ಒತ್ತಿ ಹಿಡಿದ ಬಾಗಿಲನ್ನು ತಳ್ಳಿದ ಹಾಗೆ. ಚೆನ್ನಾಗಿ ವಿಶ್ರಾಂತಿ ಪಡೆದ, ತಣ್ಣಗಿನ ಕಂಪ್ರೆಸರನ್ನು ಅರೆಜೀವದ ರಿಲೇ ಕೂಡ ಎಬ್ಬಿಸಿಬಿಡುತ್ತೆ. ಕಾದಿರುವಾಗ ಎಬ್ಬಿಸಲಾಗದು. ಹಗಲು ಹೊತ್ತು ಬಂದು ಹತ್ತು ನಿಮಿಷ ನೋಡಿ ಹೋದವರಿಗೆ ಈ ರೋಗ ಕಾಣುವುದೇ ಇಲ್ಲ. ಕಾಣದ ರೋಗಕ್ಕೆ ಒಬ್ಬರು ಗ್ಯಾಸ್ ಅಂದರು, ಇನ್ನೊಬ್ಬರು ಕಂಪ್ರೆಸರ್ ಅಂದರು.

ಹನ್ನೊಂದರ ಮೇಲೆಯೇ ಯಾಕೆ ಅನ್ನುವುದಕ್ಕೆ ಒಂದೇ ಕಾರಣ ಇರಲಿಕ್ಕಿಲ್ಲ. ಊಟ ಮುಗಿದ ಮೇಲೆ ಉಳಿದದ್ದನ್ನು ದೊಡ್ಡ ಪಾತ್ರೆಯಲ್ಲೇ, ಇನ್ನೂ ಬಿಸಿಯಿರುವಾಗಲೇ ಒಳಗಿಡುತ್ತೀರಾ? ಹಾಗಿದ್ದರೆ ಆ ಕಾವನ್ನು ಹೊರಹಾಕಲು ಕಂಪ್ರೆಸರ್ ತುಂಬ ಹೊತ್ತು ಓಡಬೇಕು. ಓಡಿ ಓಡಿ ಕಾದು ನಿಲ್ಲುತ್ತೆ, ಮುಂದಿನ ಸಲ ಏಳುವಾಗ ಎಡವುತ್ತೆ. ಹಾಗಂತ ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಅಗಲವಾದ ಎರಡು ಮೂರು ಪಾತ್ರೆಗಳಿಗೆ ಹಂಚಿದರೆ ಬೇಗ ಆರುತ್ತೆ. ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ ಇನ್ನೊಂದು ಸಂಗತಿ: ಒಳಗೆ ಕಟ್ಟಿದ ಮಂಜನ್ನು ಕರಗಿಸಲು ಆಗಾಗ ಒಂದು ಹೀಟರ್ ತಾನಾಗಿ ಹೊತ್ತಿಕೊಳ್ಳುತ್ತೆ. ಅದು ಮುಗಿದ ಕೂಡಲೇ ಕಂಪ್ರೆಸರಿಗೆ ಭಾರದ ಕೆಲಸ. ಆ ಹೊತ್ತು ನಡುರಾತ್ರಿಯಲ್ಲಿ ಬಿದ್ದರೆ ಕಷ್ಟ ನಿಮ್ಮದು. ಇವೆಲ್ಲದರ ಮೇಲೆ, ಹಗಲಿಡೀ ಇದೇ ನಡೆಯುತ್ತಿದ್ದರೂ ಕುಕ್ಕರು, ಮಿಕ್ಸಿ, ಟಿವಿ, ರಸ್ತೆಯ ಗದ್ದಲದ ನಡುವೆ ಯಾರ ಕಿವಿಗೂ ಬೀಳುವುದಿಲ್ಲ.

ಈಗ ನನ್ನ ಅನುಮಾನ ಎಲ್ಲಿದೆ ಅಂತ ಹೇಳುತ್ತೇನೆ. ನಿಮ್ಮ ಪತ್ರದ ಅತಿ ಮುಖ್ಯ ಮಾತನ್ನು ನೀವು ಸುಮ್ಮನೆ ಹಾದುಹೋಗುವಾಗ ಬರೆದಿದ್ದೀರಿ: ಮೂಲೆಗೆ ತಳ್ಳಿದೆವು, ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿದೆವು. ಒಂಬತ್ತು ವರ್ಷ ಸುಮ್ಮನಿದ್ದ ಯಂತ್ರ ಜಾಗ ಬದಲಿಸಿದ ತಿಂಗಳಲ್ಲೇ ಮಾತಾಡತೊಡಗಿದರೆ, ಯಂತ್ರವನ್ನು ಬಿಚ್ಚುವ ಮೊದಲು ಜಾಗವನ್ನು ನೋಡಬೇಕು.

ಮೂಲೆಯ ತೊಂದರೆ ಕಾವಿನದು. ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಕಾವನ್ನು ಹೊತ್ತು ಹೊರಗೆ ಸುರಿಯುತ್ತೆ, ಅಷ್ಟೇ. ಇಂಥ ಎಷ್ಟೋ ಫ್ರಿಜ್ಜುಗಳಲ್ಲಿ ಕಾವು ಹೊರಹಾಕುವ ಕಾಯಿಲ್ ಹೊರಗೆ ಕಾಣುವುದಿಲ್ಲ, ಎರಡೂ ಬದಿಯ ತಗಡಿನ ಒಳಗೇ ಹಾಸಿರುತ್ತೆ. ಬದಿಗೆ ಕೈಯಿಟ್ಟರೆ ಬೆಚ್ಚಗಿರುವುದು ಅದಕ್ಕೇ. ಆ ಬದಿಯನ್ನು ಗೋಡೆಗೆ ಒತ್ತಿದರೆ ಕಾವು ಹೋಗಲು ದಾರಿ ಇಲ್ಲ. ಗ್ಯಾಸಿನ ಒತ್ತಡ ಏರುತ್ತೆ, ಮೋಟಾರಿಗೆ ಏಳುವುದು ಇನ್ನೂ ಕಷ್ಟವಾಗುತ್ತೆ.

ಎಕ್ಸ್‌ಟೆನ್ಷನ್ ಬಾಕ್ಸಿನದು ಇದಕ್ಕಿಂತ ಗಂಭೀರ. ಎಲ್ಲರೂ ವೈರ್ ಉದ್ದವಾಯಿತು ಅನ್ನುತ್ತಾರೆ. ಒಳ್ಳೆಯ ವೈರ್ ನಾಲ್ಕೈದು ಮೀಟರ್ ಇದ್ದರೆ ಅದರಿಂದ ಬೀಳುವ ವೋಲ್ಟೇಜ್ ಹೇಳುವಷ್ಟಿಲ್ಲ. ಕೆಡುಕು ಇರುವುದು ಪಿನ್ನು ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತಿರುವ ಕಡೆ. ಅಲ್ಲಿ ಒಂದೇ ಒಂದು ಓಮ್‌ನಷ್ಟು ಅಡಚಣೆ ಇದೆ ಅನ್ನಿ. ಮೋಟಾರು ಏಳಲು ಒದ್ದಾಡುತ್ತ ಎಂಟು ಆಂಪಿಯರ್ ಎಳೆದರೆ ಆ ಜಾಗದಲ್ಲಿ 64 ವ್ಯಾಟ್ ಕಾವು ಹುಟ್ಟುತ್ತೆ. ಹಳೆಯ ಕಾಲದ 60 ವ್ಯಾಟಿನ ಬುರುಡೆ ಬಲ್ಬನ್ನು ಪ್ಲಾಸ್ಟಿಕ್ ಪ್ಲಗ್ಗಿನ ಹೊಟ್ಟೆಯೊಳಗೆ ಹಚ್ಚಿಟ್ಟ ಹಾಗೆ. ಒಂದೊಂದು ಸಲಕ್ಕೆ ಹತ್ತೇ ಸೆಕೆಂಡ್ ನಿಜ, ಆದರೆ ರಾತ್ರಿಯಿಡೀ, ದಿನಾ. ಕಾದಷ್ಟೂ ಹಿತ್ತಾಳೆಯ ಹಿಡಿತ ಇನ್ನಷ್ಟು ಸಡಿಲ, ಸಡಿಲವಾದಷ್ಟೂ ಇನ್ನಷ್ಟು ಕಾವು.

ಆದ್ದರಿಂದ ಇದನ್ನು ಓದಿ ಮುಗಿಸಿದ ಕೂಡಲೇ ಹೋಗಿ ಒಂದು ಕೆಲಸ ಮಾಡಿ. ಗೋಡೆಯ ಸ್ವಿಚ್ ಆರಿಸಿ, ಒಣಗಿದ ಕೈಯಲ್ಲಿ ಪ್ಲಗ್ ಕಿತ್ತು, ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ. ಪಿನ್ನು ಕಪ್ಪಾಗಿದೆಯೇ? ಪ್ಲಗ್ಗಿನ ಅಥವಾ ಬಾಕ್ಸಿನ ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿದೆಯೇ, ಕರಗಿ ಅಂಚು ದುಂಡಗಾಗಿದೆಯೇ? ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ ಇದೆಯೇ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಆ ಬಾಕ್ಸ್ ಕಸದ ಬುಟ್ಟಿಗೆ, ಪ್ಲಗ್ ಬದಲಾಗಬೇಕು. ಏನೂ ಕಾಣದಿದ್ದರೂ ಫ್ರಿಜ್ಜನ್ನು ಗೋಡೆಯ ಸಾಕೆಟ್ಟಿಗೇ ನೇರವಾಗಿ ಕೊಡಿ. ಮೂಲೆಯಲ್ಲಿ ಸಾಕೆಟ್ ಇಲ್ಲ ಅಂದರೆ ಫ್ರಿಜ್ಜಿಗೂ ಆ ಮೂಲೆ ಇಲ್ಲ. ಅಲ್ಲೇ ಇರಬೇಕು ಅಂತಿದ್ದರೆ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಸಮೇತ ಒಂದು ಪಾಯಿಂಟ್ ಹಾಕಿಸಿ.

ಇನ್ನು ಕೇಳಿಬಂದ ಮಾತುಗಳಿಗೆ ಬರೋಣ.

‘ಗ್ಯಾಸ್ ಮುಗಿದಿದೆ.’ ಫ್ರಿಜ್ಜಿನ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನ ಹಾಗೆ ಉರಿದು ತೀರುವಂಥದ್ದಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತೆ. ಕಡಿಮೆಯಾಯಿತು ಅಂದರೆ ಎಲ್ಲೋ ಸೋರಿದೆ ಅಂತ ಅರ್ಥ. ಸೋರಿದರೆ ಲಕ್ಷಣ ಇದಕ್ಕೆ ಪೂರ್ತಿ ಉಲ್ಟಾ: ಕಂಪ್ರೆಸರ್ ನಿಲ್ಲದೆ ಓಡುತ್ತೆ, ಒಳಗೆ ತಂಪೇ ಇರುವುದಿಲ್ಲ. ನಿಮ್ಮದು ಎದ್ದಾಗ ಚೆನ್ನಾಗಿ ತಂಪು ಮಾಡುತ್ತಿದೆ, ಏಳುವುದಕ್ಕೇ ಆಗುತ್ತಿಲ್ಲ. ಸೋರುವ ಜಾಗ ತೋರಿಸದೆ ಗ್ಯಾಸ್ ತುಂಬುತ್ತೇನೆ ಅನ್ನುವವರಿಗೆ ಕೈಮುಗಿದು ಕಳಿಸಿ. ಸುಮ್ಮನೆ ಪೈಪು ತೂತು ಮಾಡಿ ಗ್ಯಾಸ್ ‘ಚೆಕ್’ ಮಾಡಿಸಿದ ಮೇಲೆಯೇ ಸೋರತೊಡಗಿದ ಫ್ರಿಜ್ಜುಗಳನ್ನು ನಾನು ಎಣಿಸಲಾರದಷ್ಟು ನೋಡಿದ್ದೇನೆ.

‘ಕಂಪ್ರೆಸರ್ ಹೋಗಿದೆ.’ ಹೋಗಿರಲೂಬಹುದು. ಆದರೆ ಅದು ಪಟ್ಟಿಯ ಕೊನೆಗೆ ಬರಬೇಕಾದ ಅನುಮಾನ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ಒಂದು ಮನೆಯಲ್ಲಿ ಇದೇ ಟಕ್-ಗುಂಯ್-ಟಕ್ ಕೇಳಿ, ಬಹಳ ತಿಳಿದವನ ಹಾಗೆ ಹೊಸ ಕಂಪ್ರೆಸರ್ ಹಾಕಿದೆ. ಬೆಸುಗೆ, ವ್ಯಾಕ್ಯೂಮ್, ಗ್ಯಾಸ್ ಎಲ್ಲ ಮುಗಿಸುವ ಹೊತ್ತಿಗೆ ಸಂಜೆ. ಹಳೆಯ ರಿಲೇ ‘ಚೆನ್ನಾಗೇ ಇದೆಯಲ್ಲ’ ಅಂತ ಅದನ್ನೇ ಹೊಸದಕ್ಕೆ ಸಿಕ್ಕಿಸಿದೆ. ಸ್ವಿಚ್ ಹಾಕಿದೆ. ಟಕ್, ಗುಂಯ್, ಟಕ್. ನಮ್ಮ ಮೇಸ್ತ್ರಿ ಬಂದವರು ಒಂದು ಮಾತೂ ಆಡಲಿಲ್ಲ. ಪ್ಲಗ್ ಕಿತ್ತು, ರಿಲೇಯನ್ನು ಪಿನ್ನುಗಳಿಂದ ಎಳೆದು ತೆಗೆದು, ನನ್ನ ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು. ಒಳಗೆ ಗಲಗಲ. ಒಣಗಿದ ಕಾಯೊಳಗೆ ಬೀಜ ಅಲ್ಲಾಡುವ ಹಾಗೆ. ಪಿಂಗಾಣಿ ಬಿಲ್ಲೆ ಮೂರು ಚೂರಾಗಿತ್ತು. ಆ ಗಲಗಲ ಇವತ್ತಿಗೂ ನನ್ನ ಕಿವಿಯಲ್ಲಿದೆ. (ಎಲ್ಲ ಕೆಟ್ಟ ರಿಲೇಗಳೂ ಹೀಗೆ ಸದ್ದು ಮಾಡುವುದಿಲ್ಲ, ಸುಮ್ಮನಿದ್ದೇ ಸತ್ತಿರುವುದೂ ಉಂಟು. ಸದ್ದು ಮಾಡಿದರೆ ಮಾತ್ರ ಅನುಮಾನವೇ ಬೇಡ.)

‘ಸಿಡಿಯುತ್ತೆ.’ ಈ ಸದ್ದಿಗೂ ಸಿಡಿಯುವುದಕ್ಕೂ ನೇರ ಸಂಬಂಧ ಇಲ್ಲ. ಆದರೆ ಅವರ ಭಯ ಪೂರ್ತಿ ಗಾಳಿಮಾತೂ ಅಲ್ಲ. ಓಝೋನ್ ಪದರವನ್ನು ಹಾಳುಮಾಡುತ್ತಿದ್ದ ಹಳೆಯ ಆರ್-12 ಗ್ಯಾಸನ್ನು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಕೈಬಿಟ್ಟರು. ಅದರ ಜಾಗಕ್ಕೆ ಆರ್-134ಎ ಬಂತು, ಈಗ ಮನೆ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಆರ್-600ಎ, ಅಂದರೆ ಐಸೊಬ್ಯುಟೇನ್. ಸಿಗರೇಟ್ ಲೈಟರಿನಲ್ಲಿರುವುದರ ದಾಯಾದಿ. ಉರಿಯುವಂಥದ್ದೇ, ಆದರೆ ಒಂದು ಫ್ರಿಜ್ಜಿನಲ್ಲಿರುವುದು ಸಾಮಾನ್ಯವಾಗಿ ನೂರು ಗ್ರಾಂಗೂ ಕಡಿಮೆ. ಕೊಳವೆಯೊಳಗೆ ಇರುವಷ್ಟು ದಿನ ಅದರಿಂದ ತೊಂದರೆ ಇಲ್ಲ. ಒಳಗಿನ ಮಂಜನ್ನು ಚಾಕುವಿನಿಂದ ಕೆರೆದು ಕಾಯಿಲ್ ತೂತು ಮಾಡಿದಾಗ, ಅಥವಾ ತರಬೇತಿಯಿಲ್ಲದವರು ಗ್ಯಾಸ್ ಇರುವಾಗಲೇ ಬೆಸುಗೆಯ ಜ್ವಾಲೆ ಹಿಡಿದಾಗ ತೊಂದರೆ. ನಿಮ್ಮ ಕಂಪ್ರೆಸರಿನ ಮೇಲೆ ಹಳದಿ ತ್ರಿಕೋನದಲ್ಲಿ ಬೆಂಕಿಯ ಚಿತ್ರ ಇದ್ದರೆ ಈ ಗ್ಯಾಸೇ, ಬರುವ ಮೆಕ್ಯಾನಿಕ್‌ಗೆ ಮೊದಲೇ ಹೇಳಿ.

ನನಗೆ ಗ್ಯಾಸಿಗಿಂತ ಹೆಚ್ಚು ಭಯ ಸಡಿಲ ವೈರಿನದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿಯಲ್ಲಿ 72 ಜನ ಸತ್ತರು. ಬೆಂಕಿ ಅಷ್ಟು ಹಬ್ಬಿದ್ದು ಕಟ್ಟಡದ ಹೊರಗೋಡೆಗೆ ಹೊದಿಸಿದ್ದ ಉರಿಯುವ ಹಲಗೆಗಳಿಂದ. ಆದರೆ ಮೊದಲ ಕಿಡಿ ಒಂದು ಫ್ಲ್ಯಾಟಿನ ಅಡುಗೆಮನೆಯ ದೊಡ್ಡ ಫ್ರಿಜ್-ಫ್ರೀಜರಿನಲ್ಲಿ ವಿದ್ಯುತ್ ದೋಷದಿಂದ ಹುಟ್ಟಿತು ಅಂತ ತನಿಖೆ ಕಂಡುಕೊಂಡಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಪ್ಲಗ್ಗಿನ ಕಂದು ಕಲೆಯನ್ನು ಒರೆಸಿ ಮತ್ತೆ ಸಿಕ್ಕಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅದಕ್ಕೆ ಹೇಳಿದೆ. ಸುಟ್ಟ ವಾಸನೆ ಬಂದರೆ, ಹಿಂದಿನಿಂದ ಹೊಗೆಯ ಎಳೆ ಕಂಡರೆ ಪ್ರಶ್ನೆ ಕೇಳುತ್ತ ಕೂರಬೇಡಿ. ಮುಖ್ಯ ಸ್ವಿಚ್ಚಿನಿಂದಲೇ ಆರಿಸಿ.

ಉಳಿದ ಸದ್ದುಗಳು ಬಹುತೇಕ ನಿರಪಾಯ. ‘ಚಟ್’ ಅನ್ನುವುದು ಹೀಟರಿನ ಕಾವಿಗೆ, ಆಮೇಲೆ ಮರಳುವ ತಂಪಿಗೆ ಒಳಗಿನ ಪ್ಲಾಸ್ಟಿಕ್ ಹಿಗ್ಗಿ ಕುಗ್ಗುವುದರಿಂದ. ಬೇಸಿಗೆಯಲ್ಲಿ ತಗಡಿನ ಚಾವಣಿ ಸಂಜೆ ಹೊತ್ತು ಚಟಗುಟ್ಟುವ ಹಾಗೆ. ನೀರು ಕುಡಿದಂತೆ ಗುಳುಗುಳು ಕೇಳಿದರೆ ಅದು ಕಂಪ್ರೆಸರ್ ನಿಂತ ಮೇಲೆ ಗ್ಯಾಸ್ ಸಮವಾಗುವ ಸದ್ದು. ‘ಚುಸ್’ ಅಂದರೆ ಕರಗಿದ ಹನಿ ಬಿಸಿ ಹೀಟರಿನ ಮೇಲೆ ಬಿತ್ತು. ನಿಲ್ಲುವ ಕ್ಷಣದಲ್ಲಿ ‘ಧಡ್’ ಅಂತ ಒಮ್ಮೆ ಮೈಕೊಡವಿದರೆ ಒಳಗೆ ಸ್ಪ್ರಿಂಗುಗಳ ಮೇಲೆ ತೂಗುವ ಮೋಟಾರು ತೊನೆದದ್ದು. ಸ್ವಲ್ಪ ಇದ್ದರೆ ಸರಿ, ಸಾಗಿಸಿದ ಮೇಲೆ ಹೊಸದಾಗಿ ಜೋರಾಗಿದ್ದರೆ ತೋರಿಸಬೇಕು. ಫ್ರೀಜರಿನೊಳಗಿನಿಂದ ಕಿರ್‌ರ್ ಅಂತ ಬಂದು, ಫ್ರೀಜರ್ ಬಾಗಿಲು ತೆಗೆದ ಕೂಡಲೇ ನಿಂತರೆ ಒಳಗಿನ ಫ್ಯಾನು ಮಂಜಿಗೆ ಉಜ್ಜುತ್ತಿದೆ. ಎಷ್ಟೋ ಫ್ರಿಜ್ಜುಗಳಲ್ಲಿ ಬಾಗಿಲು ತೆಗೆದರೆ ಫ್ಯಾನು ನಿಲ್ಲುವ ಏರ್ಪಾಡಿದೆ, ಅದೇ ನಿಮಗೆ ಪರೀಕ್ಷೆ. ಸ್ಟೆಬಿಲೈಸರ್ ಇಟ್ಟಿದ್ದರೆ ಅದಕ್ಕೂ ಒಮ್ಮೆ ಕಿವಿಗೊಡಿ. ರಾತ್ರಿ ಎಲ್ಲರ ಮನೆಯ ಲೋಡು ಇಳಿದು ವೋಲ್ಟೇಜ್ ಏರುವಾಗ ಅದರ ರಿಲೇ ಕೂಡ ‘ಟಕ್’ ಅನ್ನುತ್ತೆ, ಬೈಗುಳ ಫ್ರಿಜ್ಜಿಗೆ ಬೀಳುತ್ತೆ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲು, ನೀವು ಈಗಾಗಲೇ ಹಿಡಿದಿರುವುದು: ರಾತ್ರಿ ಆರಿಸುವುದು. ಇದನ್ನು ನಿಲ್ಲಿಸಿ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ಮಾತ್ರ ಸುರಕ್ಷಿತ ತಂಪು ಹಿಡಿದಿಡುತ್ತೆ. ತುಂಬಿದ ಫ್ರೀಜರ್ ಎರಡು ದಿನ ತಡೆದೀತು, ಆದರೆ ಕೆಳಗಿನ ಖಾನೆಗೆ ಆ ಶಕ್ತಿ ಇಲ್ಲ. ನೀವು ಏಳೆಂಟು ಗಂಟೆ ಆರಿಸುತ್ತಿದ್ದೀರಿ. ಹಾಲು, ಬೇಯಿಸಿದ ಪದಾರ್ಥ ಎಲ್ಲ 4 ಡಿಗ್ರಿಯ ಮೇಲೆ ಗಂಟೆಗಟ್ಟಲೆ ಕೂತು ಬೆಳಗ್ಗೆ ಮತ್ತೆ ತಣ್ಣಗಾಗುತ್ತೆ. ಮುಟ್ಟಿದರೆ ತಣ್ಣಗಿರುತ್ತೆ, ವಾಸನೆಯೂ ಬರದೆ ಇರಬಹುದು, ಆದರೂ ಕೆಟ್ಟಿರಬಹುದು. ಬಳಸಲು ಶುರುಮಾಡದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಹತ್ತು ರಾತ್ರಿ ಏರಿಳಿದಿರುವ ಅತ್ತೆಯವರ ಬಾಟಲಿಗಳನ್ನು ಮುಂದೆ ಬಳಸಬಹುದೇ ಅಂತ ಇವತ್ತೇ ಔಷಧಿ ಅಂಗಡಿಯವರನ್ನೋ ವೈದ್ಯರನ್ನೋ ಕೇಳಿ. ರಿಪೇರಿಯಾಗುವವರೆಗೆ ಅದನ್ನು ನಂಬಿಕಸ್ಥರ ಫ್ರಿಜ್ಜಿನಲ್ಲಿಡಿ. ಫ್ರೀಜರಿನಲ್ಲಿ ಮಾತ್ರ ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಥರ್ಮೋಸ್ಟಾಟನ್ನು ಕಡಿಮೆ ತಂಪಿಗೆ ತಿರುಗಿಸಿದರೆ ಕಂಪ್ರೆಸರ್ ಕಡಿಮೆ ಸಲ ಏಳುತ್ತೆ, ಟಕ್ ಸದ್ದೂ ಕಡಿಮೆಯಾಗುತ್ತೆ. ಆದರೆ ಜ್ವರ ನೋಡುವ ಥರ್ಮಾಮೀಟರನ್ನು ಮುಚ್ಚಿಟ್ಟು ಜ್ವರ ಇಲ್ಲ ಅಂದ ಹಾಗೆ. ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್ ಇಡಬಹುದು, ಚೂಪು ಸದ್ದು ತಡೆಯುತ್ತವೆ, ಇಂಥ ತಗ್ಗು ಗುಂಯ್‌ಗೆ ಅಷ್ಟು ಪ್ರಯೋಜನವಿಲ್ಲ. ಅನುಮಾನದ ಪ್ಲಗ್ ಇರುವ ಮನೆಯಲ್ಲಿ ಯಾರಾದರೂ ಕೂಗಿದರೂ ಕೇಳದ ಹಾಗೆ ಮಲಗುವುದು ನನಗೆ ಇಷ್ಟವಿಲ್ಲ.

ನಾನು ಹೇಳುವ ಕ್ರಮ ಹೀಗೆ. ಫ್ರಿಜ್ಜನ್ನು ಮೂಲೆಯಿಂದ ಹೊರಗೆಳೆದು ನೇರ ಸಾಕೆಟ್ಟಿಗೆ ಕೊಡಿ. ಬದಿಗಳಲ್ಲೂ ಹಿಂದೆಯೂ ಕನಿಷ್ಠ ನಾಲ್ಕು ಬೆರಳು ಜಾಗ ಬಿಡಿ, ಕೈಪಿಡಿಯಲ್ಲಿ ಹೆಚ್ಚು ಹೇಳಿದ್ದರೆ ಅಷ್ಟು. ಹಿಂದುಗಡೆ ಕೆಳಗೆ ಕೂತ ಧೂಳು ಗುಡಿಸಿ, ಬಣ್ಣ ಹೊಡೆಸುವಾಗ ಉಜ್ಜಿದ ಸುಣ್ಣದ ಪುಡಿ ಅಲ್ಲೇ ಇರುತ್ತೆ. ಸರಿಸುವಾಗ ತುಂಬ ವಾಲಿಸಿದ್ದರೆ, ಮಲಗಿಸಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ, ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಲಿ. ಎರಡು ರಾತ್ರಿ ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಕಥೆ ಮುಗಿದಿದೆ, ನನಗೆ ಬರಬೇಕಾದ ಸಂಬಳ ತಪ್ಪಿದೆ.

ನಿಲ್ಲದಿದ್ದರೆ ಕಾಯಬೇಡಿ. ಪ್ರತಿ ಟಕ್ಕಿಗೂ ಮೋಟಾರಿನ ತಂತಿ ಒಂದಿಷ್ಟು ಬೇಯುತ್ತಿರುತ್ತೆ. ಇವತ್ತು ರಿಲೇಯಲ್ಲಿ ಮುಗಿಯುವುದು ತಿಂಗಳಾದ ಮೇಲೆ ಕಂಪ್ರೆಸರನ್ನೇ ಕೇಳೀತು. ರಾತ್ರಿಯ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಎಷ್ಟೆಷ್ಟು ಹೊತ್ತಿಗೆ ಟಕ್ ಅಂದಿತು ಅಂತ ಅರ್ಧ ಗಂಟೆಯದು ಬರೆದಿಡಿ. ಮೆಕ್ಯಾನಿಕ್ ಬರುವ ದಿನ ಬೆಳಗ್ಗಿನಿಂದ ಫ್ರಿಜ್ ಓಡುತ್ತಲೇ ಇರಲಿ, ತಣಿಸಿ ಕೊಡಬೇಡಿ. ಬಂದವರಿಗೆ ‘ಏನೋ ಸದ್ದು’ ಅನ್ನದೆ, ‘ಸ್ಟಾರ್ಟ್ ಆಗ್ತಿಲ್ಲ, ಓವರ್‌ಲೋಡ್ ಟ್ರಿಪ್ ಆಗ್ತಿದೆ’ ಅನ್ನಿ. ಮಾತಿನ ಧಾಟಿಯೇ ಬದಲಾಗುವುದನ್ನು ನೋಡಿ. ಮೋಟಾರು ಏಳುವ ಕ್ಷಣದಲ್ಲಿ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತೆ ಅಂತ ಅವರು ಅಳೆಯಬೇಕು, ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಬೇಕು. ಕಂಪ್ರೆಸರಿನ ಮೂರು ಪಿನ್ನುಗಳ ನಡುವೆ ಓಮ್ ಅಳೆದಾಗ ಎರಡು ಚಿಕ್ಕ ಅಳತೆ ಕೂಡಿದರೆ ದೊಡ್ಡ ಅಳತೆ ಬರಬೇಕು, ಯಾವ ಪಿನ್ನಿಗೂ ಹೊರಗಿನ ಮೈಗೂ ಸಂಪರ್ಕ ಇರಬಾರದು. ಇಷ್ಟು ಸರಿಯಿದ್ದರೆ ಮೊದಲು ರಿಲೇ, ಓವರ್‌ಲೋಡ್, ಇದ್ದರೆ ಕೆಪಾಸಿಟರ್ ಬದಲಿಸಲಿ. ನಿಮ್ಮ ಫ್ರಿಜ್ಜಿನ ಮಾದರಿಗೆ ಹೊಂದುವಂಥದ್ದೇ ಆಗಬೇಕು, ‘ಎಲ್ಲದಕ್ಕೂ ಆಗುತ್ತೆ’ ಅನ್ನುವುದು ಬೇಡ. ಆ ಮುಚ್ಚಳವನ್ನು ನೀವು ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರಬಹುದು. (ನಿಮ್ಮದು ಇನ್ವರ್ಟರ್ ಕಂಪ್ರೆಸರ್, ಅಂದರೆ ಬೇಕಾದ ಹಾಗೆ ವೇಗ ಬದಲಿಸಿ ಓಡುವಂಥದ್ದು, ಆಗಿದ್ದರೆ ಈ ಮಾದರಿಯ ರಿಲೇ ಇರುವುದಿಲ್ಲ, ಅನುಮಾನ ಹಿಂದಿನ ಬೋರ್ಡಿನ ಮೇಲೆ ಹೋಗುತ್ತೆ.)

ಇವೆಲ್ಲ ಆದ ಮೇಲೂ ಏಳದಿದ್ದರೆ ಆಗ ಕಂಪ್ರೆಸರ್. ಒಂಬತ್ತು ವರ್ಷದ ಫ್ರಿಜ್ಜಿಗೆ ಅದನ್ನು ಹಾಕಿಸಬೇಕೇ? ಬಾಗಿಲಿನ ಗ್ಯಾಸ್ಕೆಟ್ ಬಿಗಿಯಾಗಿದ್ದು, ತಗಡು ತುಕ್ಕು ಹಿಡಿಯದೆ, ಕೆಲಸಕ್ಕೆ ಗ್ಯಾರಂಟಿ ಬರೆದುಕೊಡುವವರು ಸಿಕ್ಕರೆ ಹಾಕಿಸಬಹುದು. ಇಲ್ಲದಿದ್ದರೆ ನಾನಾದರೆ ಹಾಕಿಸುವುದಿಲ್ಲ. ನನ್ನ ಕಸುಬಿನವರಿಗೆ ಈ ಮಾತು ರುಚಿಸಲಿಕ್ಕಿಲ್ಲ.

ಕೊನೆಗೆ ನಿಮ್ಮ ಯಜಮಾನರ ವಿಷಯ. ನಿದ್ದೆ ಕೆಡಿಸುವುದು ಸದ್ದಿನ ಜೋರು ಮಾತ್ರವಲ್ಲ, ಅದು ನಿಂತು ನಿಂತು ಬರುವುದು. ಮಳೆ ರಾತ್ರಿಯಿಡೀ ಸುರಿದರೂ ಮಲಗುತ್ತೇವೆ, ನಲ್ಲಿಯಿಂದ ಬೀಳುವ ಹನಿ ಮಲಗಲು ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಮಲಗುವ ಕೋಣೆಗೆ ಒಂದೇ ಸಮನೆ ಬರುವ ಸದ್ದಿಗೆ 30 ಡೆಸಿಬೆಲ್, ಬಿಡಿಬಿಡಿಯಾಗಿ ಬರುವ ಸದ್ದಿಗೆ 45 ಡೆಸಿಬೆಲ್ ಮಿತಿ ಅಂತ ಬೇರೆಬೇರೆಯಾಗಿಯೇ ಹೇಳಿತ್ತು. ಇನ್ನೊಂದು ಸಂಗತಿ ನಿಮ್ಮ ಗೋಡೆಯದು. 50 ಹರ್ಟ್ಸ್ ಕರೆಂಟಿನ ಮೋಟಾರು ಗುಂಯ್‌ಗುಟ್ಟುವುದು ಮುಖ್ಯವಾಗಿ 100 ಹರ್ಟ್ಸಿನಲ್ಲಿ. ಗಾಳಿಯಲ್ಲಿ ಆ ಅಲೆಯ ಉದ್ದ ಸುಮಾರು 3.4 ಮೀಟರ್. ಇಂಥ ಅಲೆ ಗೋಡೆಯ ಹತ್ತಿರ ಅತಿ ಬಲವಾಗಿರುತ್ತೆ, ಗೋಡೆಯಿಂದ ಅದರ ಕಾಲುಭಾಗ, ಅಂದರೆ ಸುಮಾರು 85 ಸೆಂಟಿಮೀಟರ್ ಈಚೆಗೆ ಬಹಳ ಕ್ಷೀಣಿಸುತ್ತೆ. ನಿಮ್ಮ ದಿಂಬು ಗೋಡೆಗೆ ತಾಗಿದೆ. ಯಜಮಾನರು ಗೋಡೆಯಿಂದ ಸ್ವಲ್ಪ ಈಚೆ ಮಲಗುತ್ತಿದ್ದರೆ, ಅದೇ ಕೋಣೆಯಲ್ಲಿ ಅವರಿಗೆ ಕೇಳುವ ಸದ್ದೇ ಬೇರೆ. ರಿಪೇರಿಯಾಗುವವರೆಗೆ ಮಂಚವನ್ನು ಗೋಡೆಯಿಂದ ಎರಡು ಮೊಳ ಈಚೆಗೆ ಎಳೆಯಿರಿ, ಇಲ್ಲವೇ ತಲೆ ಹಾಕುವ ದಿಕ್ಕು ಬದಲಿಸಿ. ಅದಕ್ಕೂ ಮೊದಲು ಒಂದು ರಾತ್ರಿ ಗೋಡೆ ಪಕ್ಕದ ಜಾಗವನ್ನು ಅವರಿಗೆ ಬಿಟ್ಟುಕೊಟ್ಟು, ನೀವು ಈಚೆ ಮಲಗಿ ನೋಡಿ.